ಆರಿಸಿ ಕೂರಿಸಿದ ಮಕ್ಕಳು

ನನ್ನ ಬಾಯಿ ಜೋರು ಎಂದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಮಕ್ಕಳ ಆಸ್ಪತ್ರೆಯ ಚೀಟಿ ಕಿಟಕಿಯ ಹಿಂದೆ ಕೂತು, ಅಳುವ ಮಕ್ಕಳು, ಅವುಗಳಿಗಿಂತ ಹೆಚ್ಚು ಹೆದರಿದ ಅಪ್ಪಂದಿರು, ನಡುವೆ ಮೂಗು ತೂರಿಸುವ ಅಜ್ಜಿಯರು, ಇಷ್ಟೂ ಗದ್ದಲದ ಮೇಲೆ ಹೆಸರು ಕೂಗಬೇಕಾದವಳು ಪಿಸುಗುಟ್ಟಿದರೆ ಕೆಲಸ ನಡೆಯುತ್ತದೆಯೇ? ಚೀಟಿ ಕೊಡುವವಳಾದ್ದರಿಂದ ನಾನು ಎಲ್ಲರಿಗೂ ಚೀಟಿಯಮ್ಮ. ಅಪ್ಪ ಅಮ್ಮ ಇಟ್ಟ ಹೆಸರನ್ನು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ನೋಡಬೇಕು.

ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವೇನಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತಿದರೆ ಉದ್ದನೆಯ ಹಜಾರ, ಅದರ ತುಂಬ ಬೆಂಚು, ಮೂಲೆಯಲ್ಲಿ ತೂಕದ ಯಂತ್ರ. ಎಡಕ್ಕೆ ಡಾಕ್ಟರಮ್ಮನ ಕೋಣೆ, ಬಲಕ್ಕೆ ಇಂಜೆಕ್ಷನ್ ಕೋಣೆ. ಡಾಕ್ಟರಮ್ಮ ತೀರ ಸಾಧು. ಮಗು ಅವರ ಕನ್ನಡಕ ಕಿತ್ತು ಎಸೆದರೂ "ಕೈಗೆ ಬಲ ಇದೆ, ಒಳ್ಳೇದು" ಎನ್ನುವವರು. ಆಸ್ಪತ್ರೆಯನ್ನು ನಿಜವಾಗಿ ನಡೆಸುವವಳು ದೊಡ್ಡ ಸಿಸ್ಟರ್. ಸೂಜಿ ಚುಚ್ಚಿದ್ದು ಮಗುವಿಗೆ ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿ, ಅಂಗಿಯ ತೋಳು ಇಳಿಸಿ, ಮುಂದಿನ ಮಗುವನ್ನು ಹಿಡಿದಿರುತ್ತಾಳೆ. ಮನಸ್ಸು ಚಿನ್ನ, ಬುದ್ಧಿ ಮಾತ್ರ ಯಾವಾಗಲೂ ಅವಸರದ್ದು.

ಇನ್ನು ಹಜಾರದ ಕೊನೆಯಲ್ಲಿರುವುದು ಆಟದ ಕೋಣೆ. ಮೊದಲು ಅದು ಖಾಲಿ ಡಬ್ಬ ತುಂಬಿಡುವ ಕೋಣೆಯಾಗಿತ್ತು. ಸರ್ಕಾರಕ್ಕೆ ಒಂದು ಯೋಚನೆ ಬಂತು. ಮಕ್ಕಳು ಜ್ವರಕ್ಕೋ ಲಸಿಕೆಗೋ ಹೇಗೂ ಮಕ್ಕಳ ಡಾಕ್ಟರ ಹತ್ತಿರ ಬಂದೇ ಬರುತ್ತವೆ. ಬಂದ ಮಗುವಿನ ತೂಕ ನೋಡುತ್ತೇವೆ, ಎತ್ತರ ನೋಡುತ್ತೇವೆ. ಆದರೆ ಅದು ವಯಸ್ಸಿಗೆ ತಕ್ಕಂತೆ ಮಾತಾಡುತ್ತದೆಯೇ, ಕರೆದರೆ ತಿರುಗುತ್ತದೆಯೇ, ಇನ್ನೊಂದು ಮಗುವಿನ ಜೊತೆ ಕೂಡಿ ಆಡುತ್ತದೆಯೇ, ಇದನ್ನೆಲ್ಲ ಪುರುಸೊತ್ತಾಗಿ ನೋಡುವವರು ಯಾರು? ಡಾಕ್ಟರಮ್ಮನಿಗೆ ಹೊರಗೆ ಬೆಂಚಿನ ತುಂಬ ಕೆಮ್ಮು ಕಾಯುತ್ತಿರುತ್ತದೆ. ಹಾಗಾಗಿ ಸರ್ಕಾರ ಅಲ್ಲೊಂದು ಇಲ್ಲೊಂದು ಆಸ್ಪತ್ರೆ ಆರಿಸಿ, ಈ ಕೆಲಸ ಕಲಿತ ಒಬ್ಬೊಬ್ಬರನ್ನು ತನ್ನ ಖರ್ಚಿನಲ್ಲಿ ಕೂರಿಸಿ ನೋಡೋಣ ಎಂದಿತು. ನಮಗೆ ಬಂದವಳು ಆಟದಕ್ಕ. ತೆಳ್ಳಗಿನ ಹುಡುಗಿ, ಮೆಲ್ಲಗಿನ ಮಾತು, ಕಾಲಿಗೆ ಸದಾ ಕಾಲುಚೀಲ. ಡಬ್ಬ ಎಲ್ಲ ಹೊರಗೆ ಹಾಕಿಸಿ, ನೆಲಕ್ಕೆ ಚಾಪೆ ಹಾಸಿ, ಒಂದು ಗಿಡ್ಡ ಮೇಜು ಇಟ್ಟು, ಆಟದ ಸಾಮಾನನ್ನು ದಿನಾ ಸೋಪಿನ ನೀರಲ್ಲಿ ತೊಳೆದು ಒಣಗಿಸುತ್ತಿದ್ದಳು.

"ಮಕ್ಕಳ ಜೊತೆ ಆಡೋದಕ್ಕೂ ಸರ್ಕಾರ ಸಂಬಳ ಕೊಡುತ್ತಾ? ಹಾಗಾದ್ರೆ ಲೋಕದಲ್ಲಿರೋ ಅಜ್ಜಿಯರಿಗೆಲ್ಲ ಪಿಂಚಣಿ ಕೊಡಬೇಕಲ್ಲ!" ಎಂದು ನಾನು ಕಿಟಕಿಯ ಹಿಂದಿನಿಂದ ನಕ್ಕಿದ್ದೆ. ಆಮೇಲೆ ನಮ್ಮ ಗುಬ್ಬಿಯ ವಿಷಯ ಬಂತು, ನನ್ನ ನಗು ಅಲ್ಲಿಗೆ ನಿಂತಿತು.

ಗುಬ್ಬಿ ನನ್ನ ಮಗಳ ಮಗಳು. ಮೂರು ತುಂಬಿತ್ತು. ಕರೆದರೆ ತಿರುಗುತ್ತಿರಲಿಲ್ಲ. ಒಂದು ಅಕ್ಷರ ಆಡುತ್ತಿರಲಿಲ್ಲ. ಮನೆಗೆ ಹೊಸಬರು ಕಾಲಿಟ್ಟರೆ ಮಂಚದ ಕೆಳಗೆ ಸೇರಿದರೆ ಸೇರಿದಳು, ಊಟಕ್ಕೂ ಹೊರಗಿಲ್ಲ. ನಿಧಾನಕ್ಕೆ ಮಾತು ಬರುತ್ತೆ ಬಿಡಿ ಎಂದರು ನೆಂಟರು. ದೂರದ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು ಇನ್ನು ಕೆಲವರು. ತೋರಿಸುವುದು ಹೇಗೆ? ಮಗಳಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಅಳಿಯನಿಗೆ ಬಸ್ಸಿನ ಸ್ಟೀರಿಂಗು. ತಮಾಷೆ ಎಂದರೆ ಅಪ್ಪ ಬಸ್ ಓಡಿಸುವವನು, ಮಗಳು ಬಸ್ಸಿನ ಮೆಟ್ಟಿಲು ಕಂಡರೇ ಕಿರುಚಿ ಉಸಿರು ಕಟ್ಟುವವಳು. ಒಂದು ಸಲ ಹೋಗಿ ಅರ್ಧ ದಾರಿಗೇ ಇಳಿದು ನಡೆದು ಬಂದೆವು. ನಮ್ಮ ಪಾಲಿಗೆ ಹಿಂದಿನ ಬೀದಿಯಿಂದ ಎತ್ತಿಕೊಂಡು ಬರಬಹುದಾದ ಈ ಚಾಪೆ ಹಾಸಿದ ಕೋಣೆ ಒಂದೇ ಗತಿ.

ಆಟದಕ್ಕ ಅವಳಿಗೆ ಮಂಗಳವಾರ ಕೊಟ್ಟಳು, ಮಗಳ ಲಾಂಡ್ರಿಗೆ ರಜೆಯ ದಿನ. ಗುಬ್ಬಿ ಬಂದವಳೇ ಗಿಡ್ಡ ಮೇಜಿನ ಕೆಳಗೆ ಸೇರಿಕೊಂಡಳು. ಆಟದಕ್ಕ ಬಾ ಎನ್ನಲಿಲ್ಲ, ಎಳೆಯಲಿಲ್ಲ, ಬಿಸ್ಕತ್ತು ತೋರಿಸಲಿಲ್ಲ. ತಾನೂ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಔಷಧಿ ಬಾಟಲಿಯ ಒಂದು ಮುಚ್ಚಳವನ್ನು ಮೇಜಿನ ಕೆಳಗೆ ಉರುಳಿಸಿ ಸುಮ್ಮನಾದಳು. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ನನಗೆ ತಡೆಯಲಾಗದೆ, "ಏನಮ್ಮಾ, ಮಲಗೋದೇನಾ ಕೆಲಸ?" ಎಂದು ಒಂದು ದಿನ ಕೇಳಿಯೂ ಬಿಟ್ಟೆ. "ಅವಳು ನನ್ನ ನೋಡ್ತಿದಾಳೆ ಅಮ್ಮಾ, ನೋಡ್ಲಿ," ಎಂದಳು. ಒಂದು ಇಡೀ ಮಳೆಗಾಲ ಹಾಗೆ ಹೋಯಿತು. ಒಂದು ಮಂಗಳವಾರ ಮುಚ್ಚಳ ಮೇಜಿನ ಕೆಳಗಿನಿಂದ ವಾಪಸ್ ಉರುಳಿ ಬಂತು. ಅಷ್ಟೇ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಮೇಲೆ ನಿಧಾನವಾಗಿ ಗುಬ್ಬಿ ಹೊರಬಂದಳು. ಹೆಸರು ಹಿಡಿದು ಕರೆದರೆ ಒಂದೊಂದು ಸಲ ತಿರುಗುತ್ತಾಳೆ ಈಗ. ಬೇಕಾದ್ದಕ್ಕೆ ಕೈ ಚಾಚುತ್ತಾಳೆ, ಚಾಚಿ ನನ್ನ ಮುಖ ನೋಡುತ್ತಾಳೆ. ಮಾತು ಇನ್ನೂ ಇಲ್ಲ.

ಇಷ್ಟಾದರೂ ಅವಳನ್ನು ನಾನು ಬೆಂಚುಗಳ ನಡುವೆ ಕರೆತಂದವಳಲ್ಲ. ಹಿಂದಿನ ಮೆಟ್ಟಿಲಿನಿಂದ ಬಂದು ಹಿಂದಿನ ಮೆಟ್ಟಿಲಿನಿಂದಲೇ ಹೋಗುತ್ತಿದ್ದೆವು. ಚೀಟಿಯಮ್ಮನ ಮೊಮ್ಮಗಳಿಗೇ ಹೀಗಂತೆ ಎಂಬ ಮಾತು ನನಗೆ ಬೇಡವಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಡಾಕ್ಟರಮ್ಮ ಸುದ್ದಿ ಹೇಳಿದರು. ಆಟದಕ್ಕನ ಹುದ್ದೆಯ ಅವಧಿ ಮುಗಿಯುತ್ತ ಬಂದಿದೆ. ಎಲ್ಲ ಆಸ್ಪತ್ರೆಗಳಿಗೂ ಮುಂದುವರಿಸಲು ಸರ್ಕಾರದ ಹತ್ತಿರ ಹಣವಿಲ್ಲ. ಒಬ್ಬ ಅಧಿಕಾರಿ ಖುದ್ದಾಗಿ ಬಂದು ನೋಡಿ, ಎಲ್ಲಿ ಉಳಿಸಬೇಕು ಎಲ್ಲಿ ತೆಗೆಯಬೇಕು ಎಂದು ತೀರ್ಮಾನ ಮಾಡುತ್ತಾರಂತೆ. ಆಟದಕ್ಕ ಹೋದರೆ ಗುಬ್ಬಿ ಮತ್ತೆ ಮಂಚದ ಕೆಳಗೆ. ನನಗೆ ಕಂಡದ್ದು ಅದೊಂದೇ.

"ಹೆದರೋದು ಯಾಕೆ?" ಎಂದಳು ದೊಡ್ಡ ಸಿಸ್ಟರ್. "ಬರೋರ ಕಣ್ಣು ಕೋರೈಸೋ ಹಾಗೆ ಮಾಡೋಣ. ಜಾಣ ಮಕ್ಕಳನ್ನ ಆರಿಸಿ ಕೂರಿಸೋಣ. ಸಾಹೇಬ್ರು ಏನು ಕೇಳಿದ್ರೂ ಪಟಪಟ ಅಂತ ಹೇಳಬೇಕು."

ಆಟದಕ್ಕ ಚಹಾದ ಲೋಟ ಕೆಳಗಿಟ್ಟಳು. "ಸಿಸ್ಟರ್, ಅವರು ನೋಡೋಕೆ ಬರೋದು ನಮ್ಮ ಕೆಲಸಾನ. ಯಾವ ಮಕ್ಕಳಿಗೋಸ್ಕರ ಕೆಲಸ ಮಾಡ್ತೀವೋ ಅವರನ್ನೇ ಮನೇಲಿ ಕೂರಿಸಿದ್ರೆ ಏನು ತೋರಿಸೋದು?"

"ನೀನಿನ್ನೂ ಚಿಕ್ಕವಳು, ಸುಮ್ನಿರಮ್ಮ. ಹೆಣ್ಣು ನೋಡೋಕೆ ಬಂದಾಗ ಹರಕು ಸೀರೆ ಉಡಿಸಿ ಕೂರಿಸ್ತಾರಾ ಯಾರಾದ್ರೂ?"

ಡಾಕ್ಟರಮ್ಮ ಎಂದಿನಂತೆ "ನೋಡೋಣ" ಎಂದರು. ಅವರ "ನೋಡೋಣ" ಎಂದರೆ ಸಿಸ್ಟರ್ ಹೇಳಿದ್ದೇ ಆಗುತ್ತದೆ ಎಂದರ್ಥ.

ಮರುದಿನದಿಂದ ತಾಲೀಮು ಶುರುವಾಯಿತು. ಬಣ್ಣ ಹೇಳುವ ಹುಡುಗಿ, ಮರದ ತುಂಡು ಒಂದರ ಮೇಲೊಂದು ಪೇರಿಸುವ ಅವಳಿ ಜವಳಿ, ಕೈಮುಗಿದು ನಮಸ್ಕಾರ ಎನ್ನುವ ಪುಟಾಣಿ. ಇವರೆಲ್ಲರಿಗೂ ರಾಜನೆಂದರೆ ನಮ್ಮ ರೇಡಿಯೋ. ಎದುರು ಬೀದಿಯ ಹೊಲಿಗೆಯವಳ ಮಗ ಅವನು, ನಾಲ್ಕು ವರ್ಷ. ಬಾಯಿ ತೆರೆದರೆ ಮುಚ್ಚುವುದಿಲ್ಲ ಎಂದೇ ಆ ಅಡ್ಡಹೆಸರು. ನೂರರವರೆಗೆ ಎಣಿಸುತ್ತಾನೆ, ಹನ್ನೆರಡು ತಿಂಗಳು ಒಪ್ಪಿಸುತ್ತಾನೆ, ಟಿವಿಯ ಜಾಹೀರಾತನ್ನು ಅದರಲ್ಲಿ ಬರುವ ಹೆಂಗಸಿನ ದನಿಯಲ್ಲೇ ಹೇಳುತ್ತಾನೆ. "ನಿನ್ನ ಹೆಸರೇನೋ?" ಎಂದರೆ "ನಿನ್ನ ಹೆಸರೇನೋ?" ಎಂದು ತಿರುಗಿಸಿ ಕೇಳುವ ಪೋರ. ಬೆಂಚಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. "ಎಂಥಾ ಚೂಟಿ ಮಗು ಹೆತ್ತಿದೀಯೇ, ದೃಷ್ಟಿ ತೆಗಿ," ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೊಲಿಗೆಯವಳು ತುಟಿ ಬಿಗಿದು ಒಂದು ಸಣ್ಣ ನಗು ನಕ್ಕು, ಮಗನನ್ನು ಎತ್ತಿಕೊಂಡು ಬೇಗ ಬೇಗ ಹೊರಟುಬಿಡುತ್ತಿದ್ದಳು. ಅವಳಿಗೆ ಮಗನಷ್ಟು ಮಾತಿಲ್ಲ ಪಾಪ ಎಂದುಕೊಂಡಿದ್ದೆ.

ಸಾಹೇಬರು ಬರುವುದು ಮಂಗಳವಾರ ಎಂದು ಗೊತ್ತಾದ ದಿನ ದೊಡ್ಡ ಸಿಸ್ಟರ್ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ಅವಳು ಸುಮ್ಮನೆ ನಿಲ್ಲುವ ಪೈಕಿಯಲ್ಲ.

"ತಪ್ಪು ತಿಳ್ಕೋಬೇಡ ಕಣೇ. ಆವತ್ತು ಒಂದಿನ ಗುಬ್ಬೀನ ಕರ್ಕೊಂಡು ಬರಬೇಡ."

ನನಗೆ ಸರ್ರನೆ ಸಿಟ್ಟು ಬಂತು. "ಯಾಕೆ? ನನ್ನ ಮೊಮ್ಮಗಳೇನು ಪೊರಕೆನಾ, ನೆಂಟರು ಬಂದಾಗ ಬಾಗಿಲ ಹಿಂದೆ ಇಡೋಕೆ?"

"ನೋಡು, ಹೊಸಬರನ್ನ ಕಂಡು ಅವಳು ಕಿರುಚಿದ್ರೆ, ಇಷ್ಟು ದಿನ ದುಡ್ಡು ಸುರಿದಿದ್ದಕ್ಕೆ ಇದೇನಾ ಫಲ ಅಂತ ಅವರು ಎದ್ದು ಹೋಗ್ತಾರೆ. ಗುಬ್ಬಿಗೋಸ್ಕರಾನೇ ಹೇಳ್ತಿರೋದು ನಾನು. ಆಟದಕ್ಕನ ಹತ್ರ ಬರೋ ಉಳಿದ ಮಕ್ಕಳ ಮನೆಗೂ ಫೋನ್ ಮಾಡಿ ಹೇಳಿದೀನಿ. ನಿನ್ನೊಬ್ಬಳಿಗೇ ಅಲ್ಲ."

ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ಗುಬ್ಬಿಯ ಮೊದಲ ಚುಚ್ಚುಮದ್ದಿನಿಂದ ಹಿಡಿದು ಎಲ್ಲ ಕೊಟ್ಟವಳು ಅವಳೇ. ಆಗಲಿ ಎಂದೆ. ಮಗುವನ್ನು ಒಂದು ದಿನ ಬಚ್ಚಿಟ್ಟರೆ ಮಗುವಿಗೆ ಇನ್ನಷ್ಟು ವರ್ಷ ಆಟದಕ್ಕ ಸಿಗುವುದಾದರೆ, ಬಚ್ಚಿಡೋಣ. ಮನೆಗೆ ಹೋಗಿ ಮಗಳಿಗೆ ಹೇಳಿದೆ. ಗುಬ್ಬಿಯ ತಲೆ ಬಾಚುತ್ತಿದ್ದವಳು ಬಾಚುತ್ತಲೇ ಇದ್ದಳು, ಸಿಕ್ಕು ಬಿಟ್ಟಮೇಲೂ.

ಮಂಗಳವಾರ ಬಂತು. ದೊಡ್ಡ ಸಿಸ್ಟರ್ ಆಟದ ಕೋಣೆಗೆ ಬಣ್ಣದ ಕಾಗದದ ಹೂ ತೂಗುಹಾಕಿದ್ದಳು. ಕೆಮ್ಮು, ನೆಗಡಿ, ಜ್ವರದವರಿಗೆಲ್ಲ ಮಧ್ಯಾಹ್ನದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದಳು. ಬೆಂಚಿನ ಮೇಲೆ ಎಣ್ಣೆ ಹಾಕಿ ತಲೆ ಬಾಚಿದ, ಮೂಗು ಸುರಿಸದ, ಇಸ್ತ್ರಿ ಮಾಡಿದ ಮಕ್ಕಳು ಸಾಲಾಗಿ ಕೂತಿದ್ದವು. ಇಷ್ಟು ವರ್ಷದಲ್ಲಿ ನನ್ನ ಹಜಾರ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಹೆಸರು ಕೂಗಿದರೆ ನನ್ನ ದನಿಗೆ ನಾನೇ ಬೆಚ್ಚುವಂತಿತ್ತು.

ಸಾಹೇಬರು ಎಂದರೆ ಹೊಟ್ಟೆ ಮುಂದೆ, ಮನುಷ್ಯ ಹಿಂದೆ ಎಂದುಕೊಂಡಿದ್ದೆ. ಬಂದವರು ಸಣಕಲು ಆಸಾಮಿ, ಒಂದು ಮಂಡಿ ಸರಿ ಇಲ್ಲ, ಮೆಟ್ಟಿಲಿನ ಕಂಬಿ ಹಿಡಿದು ಹತ್ತಿಬಂದರು. ಆಟದ ಕೋಣೆಯ ಚಾಪೆ ಕಂಡವರೇ ಯಾರೂ ಹೇಳದೆ ಬೂಟು ಬಿಚ್ಚಿಟ್ಟರು. ಕುರ್ಚಿಯಲ್ಲಿ ಕೂತು ಸುತ್ತ ನೋಡಿ, "ಇದು ಮಕ್ಕಳ ಆಸ್ಪತ್ರೆ ತಾನೆ? ಕೆಮ್ಮೋ ಮಗು ಒಂದೂ ಕಾಣಲ್ಲವಲ್ಲ!" ಎಂದರು.

"ನಮ್ಮ ಸೇವೆ ಹಾಗಿದೆ ಸರ್," ಎಂದಳು ದೊಡ್ಡ ಸಿಸ್ಟರ್. ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ಮಕ್ಕಳು ಒಬ್ಬೊಬ್ಬರಾಗಿ ಮಿಂಚಿದರು. ಹುಡುಗಿ ಬಣ್ಣ ಹೇಳಿದಳು. ಅವಳಿಗಳು ಗೋಪುರ ಕಟ್ಟಿದವು. ಕೊನೆಗೆ ರೇಡಿಯೋ ಬಂದ. ನೂರು ಮುಗಿಸಿ, ತಿಂಗಳು ಮುಗಿಸಿ, ಜಾಹೀರಾತಿಗೆ ಬಂದ. ಸಾಹೇಬರು ಮುಂದೆ ಬಾಗಿ, "ನಿನ್ನ ಹೆಸರೇನು ಮರಿ?" ಎಂದರು. "ನಿನ್ನ ಹೆಸರೇನು ಮರಿ?" ಎಂದ ಅವನು, ಅದೇ ಗತ್ತಿನಲ್ಲಿ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಸಾಹೇಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಟದಕ್ಕ ಮಾತ್ರ ನಗಲಿಲ್ಲ, ಹುಡುಗನನ್ನೇ ನೋಡುತ್ತಿದ್ದಳು. ಗೆದ್ದೆವು ಎಂದು ದೊಡ್ಡ ಸಿಸ್ಟರ್ ನನ್ನ ಕಡೆ ಹುಬ್ಬು ಹಾರಿಸಿದಳು.

ಸಾಹೇಬರು ಎದ್ದು ನಿಂತರು. "ಡಾಕ್ಟ್ರೇ, ಮನಸ್ಸು ತುಂಬಿ ಬಂತು. ಇಂಥ ಮಕ್ಕಳನ್ನ ನಾನು ಎಲ್ಲೂ ನೋಡಿಲ್ಲ. ನೇರವಾಗಿ ಹೇಳಿಬಿಡ್ತೀನಿ. ಎಲ್ಲ ಕಡೆಗೂ ಸಾಲೋವಷ್ಟು ಹಣ ಕೊಟ್ಟಿಲ್ಲ ನನಗೆ. ಯಾವ ಮಕ್ಕಳಿಗೆ ನಿಜವಾಗಿ ಬೇಕೋ ಅಲ್ಲಿಗೆ ಈ ಹುದ್ದೆ ಹೋಗಬೇಕು. ಇಲ್ಲಿನ ಮಕ್ಕಳಿಗೆ ಇದರ ಅಗತ್ಯ ನನಗಂತೂ ಕಾಣಲಿಲ್ಲ. ಸಂತೋಷದ ವಿಷಯ ಅಲ್ಲವಾ?"

ಉಪಾಯ ಮಾಡಲು ಹೋಗಿ ಅಪಾಯ ತಂದುಕೊಂಡಿದ್ದೆವು. ಆಟದಕ್ಕ, "ಸರ್, ಬರೋ ಮಕ್ಕಳು ಬೇರೆ ಇದಾರೆ. ವರದೀಲಿ ಎಲ್ಲ ಬರೆದು ಕಳಿಸಿದೀನಿ," ಎಂದಳು ಸಣ್ಣ ದನಿಯಲ್ಲಿ.

"ವರದಿ ಎಲ್ಲ ಕಡೆಯಿಂದಲೂ ಚೆನ್ನಾಗೇ ಬರುತ್ತಮ್ಮ. ಅದಕ್ಕೇ ಮಂಡಿ ನೋವಿಟ್ಟುಕೊಂಡು ಕಣ್ಣಾರೆ ನೋಡೋಕೆ ಬರೋದು ನಾನು," ಎಂದು ಅವರು ಬೂಟಿಗೆ ಕಾಲು ತೂರಿಸಿದರು.

ನಾನು ಹಜಾರಕ್ಕೆ ಬಂದು ಅವರ ದಾರಿಗೆ ಅಡ್ಡ ನಿಂತೆ. ಹೇಗೆ ಬಂದೆನೋ ಗೊತ್ತಿಲ್ಲ. ಬಾಯಿ ಮಾತ್ರ ನನ್ನದೇ ಅಲ್ಲವೇ, ಅದು ಕೈಕೊಡಲಿಲ್ಲ.

"ಸರ್, ನೀವು ನೋಡಿದ್ದು ಆರಿಸಿ ಕೂರಿಸಿದ ಮಕ್ಕಳನ್ನ. ಬೇಕಾಗಿರೋ ಮಗು ನನ್ನ ಮನೇಲಿದೆ. ನನ್ನ ಮೊಮ್ಮಗಳು. ನಿಮಗೆ ಕಾಣಬಾರದು ಅಂತ ನಾವೇ ಬಚ್ಚಿಟ್ಟಿದೀವಿ."

ಬೆಂಚಿನವರೆಲ್ಲ ನನ್ನನ್ನೇ ನೋಡಿದರು. ನೋಡಲಿ.

"ಯಾಕೆ ಬಚ್ಚಿಟ್ರಿ?" ಎಂದರು ಸಾಹೇಬರು.

"ನಾಚಿಕೆ ಸರ್. ಇನ್ನೇನು? ಐದು ನಿಮಿಷ ಕೂತ್ಕೊಳಿ, ಹಿಂದಿನ ಬೀದೀಲೇ ಮನೆ."

"ಕೆಳಗೆ ಕಾರು ಕಾಯ್ತಿದೆ ಅಮ್ಮ."

"ಕಾರಿಗೇನು ಮಂಡಿ ನೋವಾ? ಕಾಯಲಿ ಬಿಡಿ," ಎಂದೆ. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಸಾಹೇಬರ ತುಟಿಯಂಚು ಸ್ವಲ್ಪ ಅರಳಿತು. ಅವರು ಮತ್ತೆ ಬೂಟು ಬಿಚ್ಚಿದರು.

ಫೋನಿನಲ್ಲಿ ಮಗಳು, "ಬೇಡ ಅಂದವಳು ನೀನೇ ಅಲ್ವಾ ಅಮ್ಮಾ?" ಎಂದಳು.

"ಅಂದಿದ್ದೆ. ಈಗ ನಾನೇ ಕರೀತಿದೀನಿ. ಮುಂದಿನ ಮೆಟ್ಟಿಲಿಂದ ಕರ್ಕೊಂಡು ಬಾ."

ಗುಬ್ಬಿ ಬಂದಳು. ಬಂದು ಒಳ್ಳೆಯ ಮಗುವಾಗಿ ಆಟ ತೋರಿಸಿದಳು ಎಂದುಕೊಂಡಿರಾ? ಬೆಂಚಿನ ಜನ ಕಂಡು ಅಮ್ಮನ ಹೆಗಲಿಗೆ ಮುಖ ಒತ್ತಿದಳು. ಆಟದ ಕೋಣೆಯಲ್ಲಿ ತೂಗಾಡುವ ಕಾಗದದ ಹೂ ಕಂಡವಳೇ ಕಿರುಚಿದಳು. ಅಂಥ ಕಿರುಚು ಕೇಳಿದರೆ ಹೊಸಬರಿಗೆ ಮಗುವಿಗೆ ಯಾರೋ ಬರೆ ಹಾಕಿದರೇನೋ ಎನಿಸಬೇಕು. ಜಾರಿ ಇಳಿದು ಮೇಜಿನ ಕೆಳಗೆ ಸೇರಿ, ಕಿವಿ ಮುಚ್ಚಿಕೊಂಡು, ಹಣೆಯನ್ನು ಮೇಜಿನ ಕಾಲಿಗೆ ಬಡಿದುಕೊಳ್ಳತೊಡಗಿದಳು. ಎಷ್ಟೋ ತಿಂಗಳಿಂದ ಬಿಟ್ಟಿದ್ದ ಅಭ್ಯಾಸ ಅದು. ನಾನೇ ಕರೆಸಿ ನಾನೇ ಕೆಡಿಸಿದೆನಲ್ಲ ಎಂದು ಗೋಡೆಗೆ ಒರಗಿದೆ.

ಆಟದಕ್ಕ ಕಾಗದದ ಹೂಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ಹಾಕಿದಳು. ಮೇಜಿನ ಕಾಲಿಗೂ ಗುಬ್ಬಿಯ ಹಣೆಗೂ ನಡುವೆ ಒಂದು ದಿಂಬು ಸರಿಸಿದಳು. ಆಮೇಲೆ ದೂರ ಬಂದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಮುಚ್ಚಳ ಉರುಳಿಸಿದಳು. ಕಾದಳು. ಇನ್ನೊಂದು ಉರುಳಿಸಿದಳು. ಕಾದಳು. ನನ್ನ ಮಗಳೂ ಅವಳ ಪಕ್ಕ ಹಾಗೇ ಮಲಗಿದಳು. ಮನೆಯಲ್ಲೂ ಹೀಗೇ ಮಾಡಬೇಕೆಂದು ಆಟದಕ್ಕ ಕಲಿಸಿದ್ದಳು. ಸಾಹೇಬರು ಬಗ್ಗಿ ನೋಡಲು ಹೋಗಿ, ಆಗದೆ, ಕೊನೆಗೆ ಕುರ್ಚಿ ಬಿಟ್ಟು ಗೋಡೆ ಹಿಡಿದು ನೆಲಕ್ಕೆ ಕುಕ್ಕರಿಸಿದರು. ಮಂಡಿ ಲಟಕ್ ಎಂದಿತು. ಅಷ್ಟು ಹೊತ್ತಿಗೆ ಕಿರುಚು ಬಿಕ್ಕಿಗೆ ಇಳಿದಿತ್ತು, ಬಿಕ್ಕು ಉಸಿರಿಗೆ.

ಆಮೇಲೆ ಒಂದು ಮುಚ್ಚಳ ಮೇಜಿನ ಕೆಳಗಿನಿಂದ ಹೊರಟು, ಓರೆಯಾಗಿ ಉರುಳಿ ಸಾಹೇಬರ ಕಾಲಿಗೆ ಬಡಿದು ನಿಂತಿತು. ಅವರು ಅದನ್ನು ಎತ್ತಿಕೊಂಡು ತಿರುಗ ಮುರುಗ ನೋಡುತ್ತ ಕೂತರು.

"ವಾಪಸ್ ಬಿಡಿ ಸರ್," ಎಂದೆ. "ಅವಳು ಕಾಯ್ತಿದಾಳೆ."

ಅವರು ಬಿಟ್ಟರು. ಮುಚ್ಚಳ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅವರ ಕಡೆಗೇ ಬಂತು. ಈ ಸಲ ಅದರ ಹಿಂದೆ ಎರಡು ಕಣ್ಣೂ ಕಂಡವು.

ಹೀಗೆ ಎಷ್ಟು ಹೊತ್ತು ನಡೆಯಿತೋ. ಸಾಹೇಬರು ಕೊನೆಗೆ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ಅಮ್ಮಾ, ಸುಳ್ಳು ಆಸೆ ತೋರಿಸೋ ಮನುಷ್ಯ ಅಲ್ಲ ನಾನು. ಈ ಹುಡುಗಿ ಮಾಡ್ತಿರೋ ಕೆಲಸ ದೊಡ್ಡದು. ಆದ್ರೆ ಒಂದು ಮಗುವಿಗೋಸ್ಕರ ಒಂದು ಹುದ್ದೆ ಇಲ್ಲಿ ಉಳಿಸಿ ಅಂದ್ರೆ ಮೇಲಿನವರು ಕೇಳಲ್ಲ. ಬೇರೆ ಕಡೆ ಬೆಂಚಿನ ತುಂಬ ಇಂಥ ಮಕ್ಕಳಿದಾರೆ. ಇಲ್ಲಿ ನಾನು ಕಂಡದ್ದು ಒಂದೇ ಒಂದು."

ಅವರು ಹೇಳಿದ್ದರಲ್ಲಿ ಸುಳ್ಳು ಏನಿತ್ತು? ಉಳಿದ ಮಕ್ಕಳನ್ನು ಮನೆಯಲ್ಲೇ ಇರಿ ಎಂದವರು ನಾವೇ.

"ಒಂದಲ್ಲ ಸರ್."

ಬಾಗಿಲಲ್ಲಿ ಹೊಲಿಗೆಯವಳು ನಿಂತಿದ್ದಳು. ಪಕ್ಕದಲ್ಲಿ ರೇಡಿಯೋ, ಗೋಡೆ ನೋಡಿಕೊಂಡು ನಲವತ್ತೊಂದು ನಲವತ್ತೆರಡು ಎಣಿಸುತ್ತಿದ್ದ. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ ಸಾಹೇಬರು ಕಿವಿಗೆ ಕೈ ಆನಿಸಿದರು.

"ಇವನನ್ನ ನೋಡಿ ನಗಾಡಿದ್ರಲ್ಲ ಸರ್, ನಿನ್ನ ಹೆಸರೇನು ಅಂದ್ರೆ ನಿನ್ನ ಹೆಸರೇನು ಅಂದ ಅಂತ. ಅದು ಚೇಷ್ಟೆ ಅಲ್ಲ. ಅವನಿಗೆ ಉತ್ತರ ಹೇಳೋಕೆ ಬರಲ್ಲ. ಏನು ಕೇಳಿದ್ರೂ ಕೇಳಿದ್ದನ್ನೇ ಹೇಳ್ತಾನೆ. ಹಸಿವಾದ್ರೆ ಹೇಳಲ್ಲ. ಬಿದ್ದು ರಕ್ತ ಬಂದ್ರೂ ತಿಂಗಳ ಹೆಸರು ಹೇಳ್ತಾ ಅಳ್ತಾನೆ. ಬೆಳಗಿಂದ ಸಂಜೆವರೆಗೂ ಇಷ್ಟು ಮಾತಾಡ್ತಾನೆ ಸರ್, ಇನ್ನೂ ಒಂದು ದಿನ ನನ್ನ ಅಮ್ಮ ಅಂತ ಕರೆದಿಲ್ಲ."

ಸಾಹೇಬರು ಕೂತಲ್ಲಿಂದಲೇ ಹುಡುಗನ ಕಡೆ ವಾಲಿ ಮೆಲ್ಲಗೆ ಕೇಳಿದರು. "ಮರಿ, ಹೊಟ್ಟೆ ಹಸೀತಾ ಇದೆಯಾ?"

"ಮರಿ, ಹೊಟ್ಟೆ ಹಸೀತಾ ಇದೆಯಾ?" ಎಂದ ಅವನು, ಅವರ ದನಿಯಲ್ಲೇ, ಅವರನ್ನು ನೋಡದೆ. ಈ ಸಲ ಕೋಣೆಯಲ್ಲಿ ಒಬ್ಬರೂ ನಗಲಿಲ್ಲ.

ದೊಡ್ಡ ಸಿಸ್ಟರ್‌ನ ಕಣ್ಣು ತುಂಬಿತ್ತು. "ಎಷ್ಟು ಸಲ ಬಂದು ಹೋಗಿದೀಯೇ ಮಾರಾಯ್ತಿ. ಒಂದು ಮಾತು ಹೇಳಬಾರದಿತ್ತಾ? ಆಟದಕ್ಕ ಕೂಡ ನಿನ್ನ ಬಾ ಅಂತ ಕರೆದಿದ್ಳಲ್ಲ?"

"ಕರೆದಿದ್ರು. ಕೆಲಸ ಇದೆ ಅಂತ ತಪ್ಪಿಸ್ಕೊಂಡೆ. ಹೇಗೆ ಹೇಳಲಿ ಸಿಸ್ಟರ್?" ಎಂದಳು ಹೊಲಿಗೆಯವಳು. "ಎಲ್ಲರೂ ಚಪ್ಪಾಳೆ ತಟ್ತಾ ಇದ್ರಿ. ನಾನು ಯಾರ ಮುಂದೆ ಅಳಲಿ?"

ಚಪ್ಪಾಳೆ ತಟ್ಟಿದವರಲ್ಲಿ ನಾನು ಎಲ್ಲರಿಗಿಂತ ಮುಂದೆ ಇದ್ದೆ. ಹೋಗಿ ಅವಳ ಕೈ ಹಿಡಿದುಕೊಂಡೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿತ್ತು.

ಸಾಹೇಬರನ್ನು ಎಬ್ಬಿಸಲು ಒಂದು ಕಡೆ ನಾನು, ಒಂದು ಕಡೆ ದೊಡ್ಡ ಸಿಸ್ಟರ್ ಬೇಕಾಯಿತು. ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತ ಬಹಳ ಹೊತ್ತು ಬಗ್ಗಿಯೇ ಇದ್ದರು. "ಆ ಹುಡುಗನ್ನ ನೋಡಿ ನಾನೂ ನಕ್ಕೆನಲ್ಲ," ಎಂದರು. "ಇದೇ ನನ್ನ ಕೆಲಸ, ನನಗೇ ಗೊತ್ತಾಗಲಿಲ್ಲ. ಹುದ್ದೆ ಇಲ್ಲೇ ಇರಲಿ ಅಂತ ಹೇಳ್ತೀನಿ. ಒಪ್ಪಿಸೋದು ನನ್ನ ಜವಾಬ್ದಾರಿ. ಮುಂದಿನ ಸಲ ನಾನು ಬಂದಾಗ ಮಾತ್ರ ಕೆಮ್ಮೋ ಮಕ್ಕಳನ್ನ ಓಡಿಸಬೇಡಿ."

"ಇಲ್ಲ ಸರ್," ಎಂದಳು ದೊಡ್ಡ ಸಿಸ್ಟರ್. ಅವಳು ಯಾರಿಗಾದರೂ ಅಷ್ಟು ವಿನಯವಾಗಿ ಉತ್ತರ ಕೊಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರು ಮಾತು ಉಳಿಸಿಕೊಂಡರು. ಆಟದಕ್ಕನನ್ನು ಇನ್ನೊಂದು ಅವಧಿಗೆ ನಮ್ಮಲ್ಲೇ ಬಿಟ್ಟಿದ್ದಾರೆ ಎಂದು ಡಾಕ್ಟರಮ್ಮ ಬಂದು ಹೇಳಿದ ದಿನ, ನಾನು ಕಿಟಕಿ ಬಿಟ್ಟು ಓಡಿಹೋಗಿ ಅವಳನ್ನು ಅಪ್ಪಿಕೊಂಡೆ. ಅವಧಿ ಮುಗಿದ ಮೇಲೆ ಏನೋ, ಆಗಿನ ಚಿಂತೆ ಆಗ.

ಹೊಲಿಗೆಯವಳಿಗೆ ಬುಧವಾರ ಸಿಕ್ಕಿತು. ಮೊದಲ ದಿನ ಅವಳು ಮಗನ ಕೈ ಹಿಡಿದು ಬಂದು, ಒಳಗೆ ಹೋಗಲು ಹಿಂದೆಮುಂದೆ ನೋಡುತ್ತ ನಿಂತಳು. ಆಟದಕ್ಕ ಹುಡುಗನಿಗೆ ಒಂದು ಬುಟ್ಟಿ ಮರದ ತುಂಡು ಕೊಟ್ಟು ಚಾಪೆಯ ಮೇಲೆ ಬಿಟ್ಟಳು. ಆಮೇಲೆ ಅವಳ ಎದುರಿಗೆ ಕೂತು, "ಮೊದಲು ನೀವು ಹೇಳಿ ಅಕ್ಕ," ಎಂದಳು. ಅಷ್ಟಕ್ಕೇ ಹೊಲಿಗೆಯವಳ ಕಟ್ಟೆ ಒಡೆಯಿತು. ಆಟದಕ್ಕ ಎದ್ದು ಬಂದು ಬಾಗಿಲು ಮುಂದೆ ಮಾಡಿದಳು.

ಹಜಾರದಲ್ಲಿ ಬೆಂಚಿನ ತುಂಬ ಜನ, ಒಂದೇ ಸಮನೆ ಕೆಮ್ಮು. ಮುಂದಿನ ಬೆಂಚಿನ ಹೆಂಗಸೊಬ್ಬಳು ಮುಚ್ಚಿದ ಬಾಗಿಲ ಕಡೆ ಕತ್ತು ಚಾಚಿ, "ಒಳಗೆ ದೊಡ್ಡವರು ಯಾರೋ ಅಳ್ತಾ ಇರೋ ಹಾಗಿದೆಯಲ್ಲ ಚೀಟಿಯಮ್ಮ, ಏನಾಗ್ತಿದೆ ಅಲ್ಲಿ?" ಎಂದು ಕೇಳಿದಳು.

"ಕೆಲಸ ಆಗ್ತಿದೆ," ಎಂದೆ. "ನಿಮ್ಮ ಸರದಿ ಬಂದಾಗ ಕರೀತೀನಿ, ಕೂತ್ಕೊಳಿ."